ಇಂಪನಾಳ ಆರು ಅಂಕ

ಗುಬ್ಬಿಯ ಪಿಯು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುವ ನೇತ್ರಾವತಿಗೆ ಆಟದ ಗಂಧಗಾಳಿಯೂ ಇರಲಿಲ್ಲ. ಹಾಗಾಗಿ ಪಿ.ಟಿ. ಮೇಷ್ಟ್ರು ಕಾಂತೇಶ್ ಸ್ಟಾಫ್ ರೂಮಿಗೆ ಬಂದು ಖೋ-ಖೋ ತಂಡದ ಇಂಪನಾಳ ಉತ್ತರಪತ್ರಿಕೆಯ ಮಾತೆತ್ತಿದಾಗ ಅವಳಿಗೆ ಸಿಟ್ಟೇ ಬಂತು.

“ಇನ್ನು ಆರೇ ಮಾರ್ಕ್ಸ್ ಸೇರ್ಸಿ ಮೇಡಂ. ಬೆಂಗಳೂರಿನ ಕಾಲೇಜ್ನೋರು ಸೆಕೆಂಡ್ ಪಿಯುಗೆ ಸೀಟು, ಹಾಸ್ಟೆಲ್ ಎಲ್ಲಾ ಕೊಡ್ತಾವ್ರೆ. ಫಸ್ಟ್ ಪಿಯು ಪಾಸಾಗಿರ್ಬೇಕು, ಅಷ್ಟೇ. ನಿಮ್ಮ ಸಬ್ಜೆಕ್ಟ್ ಒಂದ್ರಲ್ಲೇ ಡುಮ್ಕಿ.”

“ಬರೆದಿದ್ದಕ್ಕೆ ಕೊಟ್ಟಿದೀನಿ ಸಾರ್. ಬರೀದೆ ಇರೋದಕ್ಕೆ ಹೆಂಗೆ ಕೊಡ್ಲಿ?”

ಮಧ್ಯಾಹ್ನ ಪ್ರಿನ್ಸಿಪಾಲ್ ಶಿವರಾಮಯ್ಯನವರೂ ಕರೆಸಿದರು. “ಸೋಮವಾರ ಪಾಸಾದೋರ ಲಿಸ್ಟ್ ಕಳಿಸ್ಬೇಕು. ದೊಡ್ಡ ಮನಸ್ಸು ಮಾಡಮ್ಮ” ಎಂದರು. ಬಾಗಿಲಲ್ಲಿ ಕಾಂತೇಶ್ ಕಾದು ನಿಂತಿದ್ದ. “ಒಂದ್ಸಲ ಅವಳ ಆಟ ನೋಡಿ. ಆಮೇಲೆ ನಿಮ್ಮಿಷ್ಟ.”

ಭಾನುವಾರ ತುಮಕೂರಿನ ಸ್ಟೇಡಿಯಂನಲ್ಲಿ ಕುಣಿಗಲ್ ತಂಡದ ಎದುರು ಫೈನಲ್. ಕೊನೆಯ ಸರದಿ. ಎರಡೂ ತಂಡದ ಅಂಕ ಸಮ. ಗುಬ್ಬಿಯ ಉಳಿದವರೆಲ್ಲ ಔಟಾಗಿ ಅಂಕಣದಲ್ಲಿ ಇಂಪನಾ ಒಬ್ಬಳೇ ಉಳಿದಿದ್ದಳು. ಕ್ಲಾಸಿನಲ್ಲಿ ಪ್ರಶ್ನೆ ಕೇಳಿದರೆ ಕೊನೆಯ ಬೆಂಚಿನಲ್ಲಿ ಮುದುಡಿಕೊಳ್ಳುವ ಹುಡುಗಿ ಇವಳೇನಾ ಎಂದು ನೇತ್ರಾವತಿ ಎದ್ದು ನಿಂತಳು. ಅಟ್ಟಿಸಿಕೊಂಡು ಬರುವವರ ಕೈ ಇನ್ನೇನು ಬೆನ್ನಿಗೆ ಬಿತ್ತು ಅನ್ನುವಷ್ಟರಲ್ಲಿ ಅವಳು ಆ ಜಾಗದಲ್ಲೇ ಇರುತ್ತಿರಲಿಲ್ಲ. ಕೂತವರ ನಡುವೆ ನೀರಿನ ಹಾಗೆ ನುಸುಳುತ್ತಿದ್ದಳು. ಒಂದು ನಿಮಿಷ, ಎರಡು, ಮೂರು. ಪಕ್ಕದಲ್ಲಿ ಕಡಲೆಕಾಯಿ ಸುಲಿಯುತ್ತಿದ್ದ ಮುದುಕರ ಕೈ ಹಾಗೇ ನಿಂತುಹೋಗಿತ್ತು. ಇಂಥವಳಿಗೆ ಆರಲ್ಲ, ಅರವತ್ತು ಅಂಕ ಬೇಕಾದರೂ ಕೊಡಬಹುದು ಅನ್ನಿಸಿಬಿಟ್ಟಿತು ನೇತ್ರಾವತಿಗೆ.

ಅರ್ಧ ನಿಮಿಷ ಬಾಕಿಯಿತ್ತು. ಕುಣಿಗಲ್ ಹುಡುಗಿಯೊಬ್ಬಳು ಮುಗ್ಗರಿಸುತ್ತಾ ಕೈ ಚಾಚಿದಳು. ಅಂಪೈರ್ ಸೀಟಿ ಊದಲಿಲ್ಲ. ಚಾಚಿದವಳಿಗೇ ಗೊತ್ತಾದಂತಿರಲಿಲ್ಲ. ಆದರೆ ಇಂಪನಾ ನಿಂತಳು, ಕೈ ಎತ್ತಿದಳು, ಅಂಕಣದಿಂದ ಹೊರಗೆ ನಡೆದಳು. ಆ ಒಂದು ಅಂಕಕ್ಕೆ ಗುಬ್ಬಿ ಸೋತಿತು.

ಕಾಂತೇಶ್ ತಲೆ ಚಚ್ಚಿಕೊಂಡ. “ಯಾರೂ ನೋಡ್ಲಿಲ್ವಲ್ಲೇ! ಯಾಕೆ ಬಂದೆ?”

“ಮೊಣಕೈಗೆ ತಾಗ್ತಲ್ಲ ಸಾ” ಎಂದಳು ಇಂಪನಾ, ಏದುಸಿರು ಬಿಡುತ್ತಾ.

ನೇತ್ರಾವತಿಯ ಮೈ ಜುಮ್ಮೆಂದಿತು. ಕಾಲು ಗಂಟೆ ಬಿಟ್ಟು, ನೀರು ಕುಡಿಯುತ್ತಿದ್ದ ಹುಡುಗಿಯ ಹತ್ತಿರ ತಾನೇ ಹೋದಳು.

“ನಿಂಗೆ ಆರು ಮಾರ್ಕ್ಸ್ ಸೇರಿಸಿ ಅಂತಿದಾರೆ. ಇವತ್ತು ನಿನ್ನ ನೋಡಿದ ಮೇಲೆ ನಾನು ಸೇರಿಸಲ್ಲ ಕಣೇ.”

ಹುಡುಗಿಯ ಕಣ್ಣು ತುಂಬಿ ಬಂತು. “ನಂಗೆ ಅರ್ಥನೇ ಆಗಲ್ಲ ಮಿಸ್. ಕೇಳಕ್ಕೆ ನಾಚ್ಕೆ.”

ವರ್ಷವಿಡೀ ಇದನ್ನು ತಾನು ಗಮನಿಸಿರಲಿಲ್ಲವಲ್ಲ ಎಂದು ನೇತ್ರಾವತಿಗೆ ಚುಚ್ಚಿತು. “ನಾಳೆಯಿಂದ ನಮ್ಮನೆಗೆ ಬಾ” ಎಂದಳು.

ಪ್ರಿನ್ಸಿಪಾಲರು ಮುಖ ಗಂಟಿಕ್ಕಿದರು. ಕಾಂತೇಶ್ ಎರಡು ತಿಂಗಳು ಮಾತು ಬಿಟ್ಟ. ಬೇಸಿಗೆಯುದ್ದಕ್ಕೂ ಇಂಪನಾ ಪ್ರಾಕ್ಟೀಸ್ ಮುಗಿಸಿ, ಕಾಲಿನ ಮಣ್ಣು ತೊಳೆದುಕೊಂಡು ಬಂದು ವರಾಂಡದಲ್ಲಿ ಕೂರುತ್ತಿದ್ದಳು. ಒಂದು ವಾಕ್ಯ ತಪ್ಪಿದರೆ ಹತ್ತು ಸಲ ಬರೆಯುತ್ತಿದ್ದಳು. ಸಪ್ಲಿಮೆಂಟರಿಯ ಉತ್ತರಪತ್ರಿಕೆಯನ್ನು ನೇತ್ರಾವತಿ ತಾನು ಮುಟ್ಟದೆ, ಇನ್ನೊಬ್ಬ ಇಂಗ್ಲಿಷ್ ಮೇಷ್ಟ್ರು ಚನ್ನವೀರಯ್ಯನವರಿಗೆ ಕೊಡಿಸಿದಳು. ನಲವತ್ತೇಳು ಬಂತು.

ಅಷ್ಟರಲ್ಲಿ ಬೆಂಗಳೂರಿನ ಸೀಟು ಬೇರೆಯವರ ಪಾಲಾಗಿತ್ತು. ಆ ಸುದ್ದಿಯನ್ನು ನೇತ್ರಾವತಿಯೇ ಅವಳಿಗೆ ಹೇಳಿದಳು.

“ಹೋಗ್ಲಿ ಬುಡಿ ಮಿಸ್. ಸೆಕೆಂಡ್ ಪಿಯು ಇಲ್ಲೇ ಮುಗಿಸ್ಕೊಂಡು ಹೋಯ್ತೀನಿ.”

ಹೇಳಿದ ಹಾಗೇ ಮರುವರ್ಷ ಡಿಗ್ರಿಗೆ ಬೆಂಗಳೂರಿನ ಅದೇ ಕಾಲೇಜಿಗೆ ಹೊರಟಳು. ಬಸ್ ಹತ್ತಿಸಲು ಕಾಂತೇಶನೂ ಬಂದಿದ್ದ. ಬಸ್ಸು ತಿರುವು ದಾಟಿದ ಮೇಲೂ ನೇತ್ರಾವತಿ ಅಲ್ಲೇ ನಿಂತಿದ್ದಳು. ಹದಿನೇಳರ ವಯಸ್ಸಿನಲ್ಲಿ ತಾನಾಗಿದ್ದರೆ ಮೊಣಕೈಗೆ ತಾಗಿದ ಮೇಲೂ ಓಡುತ್ತಲೇ ಇರುತ್ತಿದ್ದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.