ದೋಣಿಯ ನೀರು

ನೀಲಿ ಬಕೆಟ್ಟು ಕೊನೆಗೂ ಸಿಕ್ಕಿದ್ದು ವೆರಾಂಡದ ಮೂಲೆಯಲ್ಲಿ. ಹೂಗುಚ್ಛಗಳಿಂದ ಬಿಚ್ಚಿದ ಕಾಗದ, ದಾರಗಳನ್ನೆಲ್ಲ ಯಾರೋ ಅದಕ್ಕೆ ತುರುಕಿಟ್ಟಿದ್ದರು. ಆಕೆ ಕಸವನ್ನು ಅಲ್ಲೇ ನೆಲಕ್ಕೆ ಸುರಿದು, ಬಕೆಟ್ಟು ಹಿಡಿದು ಹೊರಟಳು. ಒಳಗೆ ಗಂಡನ ದೇಹವಿತ್ತು. ಒಯ್ಯುವ ವ್ಯಾನು ಬರಲು ಇನ್ನೂ ಹೊತ್ತಿತ್ತು. ಸುತ್ತ ಕೂತವರು ತಿರುಗಿ ನೋಡಿದರು.

"ಅಮ್ಮ, ಈಗೆಲ್ಲಿಗೆ?" ಮಗಳು ಅಡ್ಡ ಬಂದಳು.

"ದೋಣಿಗೆ. ನಿನ್ನೆನೂ ಯಾರೂ ನೀರು ಎತ್ತಿಲ್ಲ, ಇವತ್ತೂ ಇಲ್ಲ. ಮುಳುಗಿ ಹೋಗುತ್ತೆ."

ಇಷ್ಟು ದಿನ ಇಲ್ಲದ ಪ್ರೀತಿ ಇವತ್ತೇ ಯಾಕೆ ಉಕ್ಕಿತೋ ಎಂದು ನಾದಿನಿ ಮೂಗು ಮುರಿದಳು. ಮಾತೇನೋ ಸುಳ್ಳಲ್ಲ. ಆ ಹಳೇ ಹಾಯಿದೋಣಿಯನ್ನು ಆಕೆ ಕರೆಯುತ್ತಿದ್ದದ್ದೇ ಸವತಿ ಎಂದು. ಆದರೆ ಗಂಡ ಅಷ್ಟು ವರ್ಷ ತೇಲಿಸಿಟ್ಟದ್ದು ಅವನನ್ನು ಮಣ್ಣು ಮಾಡುವ ದಿನವೇ ತಳ ಸೇರಿದರೆ, ಆ ಮುಖವನ್ನು ಕೊನೇ ಸಲ ನೋಡುವುದು ಹೇಗೆ? ಆಕೆಯ ತಲೆಯಲ್ಲಿದ್ದದ್ದು ಅದೊಂದೇ.

ಮೆಟ್ಟಿಲ ಮೇಲೆ ಕೂತಿದ್ದ ಬಡಗಿ ಎದ್ದು ನಿಂತ. ಗಂಡನ ಹಳೇ ಗೆಳೆಯ, ದೋಣಿ ರಿಪೇರಿಯ ಗುರುವೂ ಅವನೇ.

"ಅವಸರ ಏನಿಲ್ಲ ಅತ್ತಿಗೆ," ಎಂದು ತನ್ನ ಬೂಟು ನೋಡುತ್ತ ಹೇಳಿದ. "ಒಂದೆರಡು ದಿನಕ್ಕೆಲ್ಲ ಮುಳುಗೋದಿಲ್ಲ ಅದು."

"ದಿನಾ ನೀರೆತ್ತಿದ್ದು ನೀವಾ, ಅವರಾ?" ಎಂದು ಕೇಳಿ ಆಕೆ ಗೇಟು ದಾಟಿದಳು.

*

ಗಂಡ ಪ್ರೆಸ್ಸಿನಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುತ್ತಿದ್ದ. ಎಲ್ಲರ ಬಾಯಲ್ಲೂ ಅವನು ಬೈಂಡರ್. ಯಾರೋ ಒಡೆದು ಸೌದೆ ಮಾಡಲಿದ್ದ ದೋಣಿಯನ್ನು ತಂದು ಹಿತ್ತಿಲಲ್ಲಿ ನಿಲ್ಲಿಸಿದಾಗ ಅವನಿಗೆ ಗೊತ್ತಿದ್ದದ್ದು ಸೂಜಿ, ದಾರ, ಅಂಟು, ಇಷ್ಟೇ. ಹರಿದ ಹಾಯಿಯನ್ನು ಪುಸ್ತಕ ಹೊಲಿಯುವ ಸೂಜಿಯಲ್ಲೇ ಹೊಲಿದ. ಆ ಹೊಲಿಗೆ ಇವತ್ತಿಗೂ ಬಿಚ್ಚಿಲ್ಲ. ಎಡವಟ್ಟಾದದ್ದು ಹಲಗೆಗಳ ಸಂದಿಯಲ್ಲಿ. ಸಂದಿಗೆ ಹತ್ತಿಯ ಎಳೆ ತುಂಬಬೇಕು. ಪುಸ್ತಕವನ್ನು ಒತ್ತಿ ಬಿಗಿಯುವ ಕೈ ತಾನೇ, ಒಂದು ಕೂದಲೂ ನುಸುಳದಂತೆ ಜಡಿದುಬಿಟ್ಟ. ನೀರಿಗಿಳಿಸಿದೊಡನೆ ಒಣಮರ ಉಬ್ಬಿತು. ಉಬ್ಬಲು ಜಾಗ ಸಾಲದೆ ಹಲಗೆಗಳು ಮೊಳೆ ಕಿತ್ತುಕೊಂಡು ಬಾಯಿ ಬಿಟ್ಟವು.

ಅವನು ಮನೆಗೆ ಓಡಿ ಬಂದು, ಆಕೆ ಬಟ್ಟೆ ನೆನೆಸಿಟ್ಟಿದ್ದ ನೀಲಿ ಬಕೆಟ್ಟನ್ನು ಬರಿದು ಮಾಡಿಕೊಂಡು ಮತ್ತೆ ಓಡಿದ. ಬಡಗಿಗೆ ನಕ್ಕು ನಕ್ಕು ಸಾಕಾಗಿತ್ತಂತೆ.

"ಮರ ಅಂದ್ರೆ ಕಾಗದ ಅಲ್ಲಪ್ಪ. ಸ್ವಲ್ಪ ಜಾಗ ಬಿಡು, ಅದೇ ಉಬ್ಬಿ ಮುಚ್ಕೊಳ್ಳುತ್ತೆ."

ಆಮೇಲೆ ಎಷ್ಟು ಹಲಗೆ ಬದಲಾದವೋ, ಸೋರುವುದು ಮಾತ್ರ ನಿಲ್ಲಲಿಲ್ಲವಂತೆ. ದಿನಾ ಬೆಳಿಗ್ಗೆ ಬಕೆಟ್ಟು ಹಿಡಿದು ಹೋಗುವುದು, ಬಿಸಿಲೇರಿದ ಮೇಲೆ ಬಂದು ಅದನ್ನು ಹೊಸಿಲ ಪಕ್ಕ ಬೋರಲು ಹಾಕುವುದು. ಅದರಿಂದ ಇಳಿದ ನೀರನ್ನು ಆಕೆ ದಿನಾ ಬೈಯುತ್ತ ಒರೆಸುತ್ತಿದ್ದಳು. ಆಕೆಗೆ ಮಾತು ಸ್ವಲ್ಪ ಹೆಚ್ಚು. ಅಮ್ಮ ಕಣ್ಣು ಬಿಡುವ ಮೊದಲೇ ಬಾಯಿ ಬಿಡುತ್ತಾಳೆ ಎಂದು ಮಗಳೇ ಆಡಿಕೊಳ್ಳುತ್ತಿದ್ದಳು. ಒಂದು ದಿನ ನೀರೆತ್ತದಿದ್ದರೆ ಏನಾಗುತ್ತದೆ ಎಂದು ಕೇಳಿದರೆ ಗಂಡನದು ಒಂದೇ ಉತ್ತರ.

"ಮುಳುಗುತ್ತೆ."

*

ದೋಣಿ ದಡದ ಧಕ್ಕೆಯ ಕಂಬಕ್ಕೆ ಕಟ್ಟಿದ ಹಗ್ಗದಲ್ಲಿ ತೇಲುತ್ತಿತ್ತು. ಸದ್ಯ, ಇದೆಯಲ್ಲ ಎಂದು ಆಕೆಗೆ ಉಸಿರು ಬಂದಂತಾಯಿತು. ಹಗ್ಗ ಎಳೆದು ಹತ್ತಿರ ತಂದು, ಕಷ್ಟಪಟ್ಟು ಹತ್ತಿ, ದೋಣಿಯ ಪುಟ್ಟ ಕೋಣೆಯೊಳಗಿಳಿದು ತಳದ ಹಲಗೆ ಎತ್ತಿದಳು. ನೀರಿರಲಿಲ್ಲ. ಇನ್ನೊಂದನ್ನು ಎತ್ತಿದಳು. ಅಲ್ಲೂ ಇರಲಿಲ್ಲ. ಬಗ್ಗಿ ಕೈಯಾಡಿಸಿದರೆ ಬೆರಳಿಗೆ ಧೂಳು ಹತ್ತಿತು. ಮೂಲೆಯಲ್ಲಿ ಜೇಡ ಬಲೆ ನೇಯ್ದಿತ್ತು. ಇಲ್ಲಿ ನೀರು ಕಂಡು ವರ್ಷಗಳೇ ಆಗಿರಬೇಕು.

ಕಿಟಕಿಯ ಪಕ್ಕದಲ್ಲಿ ಕೂತು ಕೂತು ತಗ್ಗಾದ ಒಂದು ಮೆತ್ತೆ, ಒಂದು ಲೋಟ. ಬೇರೇನೂ ಇರಲಿಲ್ಲ.

ಆಕೆಗೆ ಮೈಯೆಲ್ಲ ಉರಿಯಿತು. ಹಾಗಾದರೆ ಇಷ್ಟು ವರ್ಷ ಬಾಗಿಲಲ್ಲಿ ಒರೆಸಿದ್ದು ಯಾವ ನೀರು? ಮೆತ್ತೆಯ ಮೇಲೆ ಕುಸಿದು, ಬೈಯಲು ಬಾಯಿ ತೆರೆದಳು. ಬೈಸಿಕೊಳ್ಳುವವನು ಇರಲಿಲ್ಲ. ದೋಣಿಯ ಪಕ್ಕೆಗೆ ನೀರು ತಟ್ಟುವ ಸದ್ದು ಬಿಟ್ಟರೆ ಏನೂ ಕೇಳಿಸುತ್ತಿರಲಿಲ್ಲ. ಹಾಗೇ ಕೂತಳು. ಮದುವೆಯಾದ ಮೇಲೆ ಅಷ್ಟು ಹೊತ್ತು ಬಾಯಿ ಮುಚ್ಚಿ ಕೂತದ್ದು ಅದೇ ಮೊದಲಿರಬೇಕು. ಹಿತವಾಗಿತ್ತು. ಹಿತವಾಗಿದೆ ಅನ್ನಿಸಿದ್ದಕ್ಕೇ ಅಳು ಬಂತು. ಅತ್ತು, ಮೂಗು ಒರೆಸಿಕೊಳ್ಳುತ್ತ ನಕ್ಕಳು.

"ಕಳ್ಳ," ಎಂದಳು.

ಮೇಲಿನ ರಸ್ತೆಯಲ್ಲಿ ವ್ಯಾನಿನ ಸದ್ದು ಕೇಳಿಸಿತು. ಹಲಗೆಗಳನ್ನು ಇದ್ದ ಹಾಗೆಯೇ ಮುಚ್ಚಿ ಧಕ್ಕೆಗೆ ಇಳಿದಳು. ನಾಲ್ಕು ಹೆಜ್ಜೆ ಹೋದವಳು ಕೈಯಲ್ಲಿದ್ದ ಒಣ ಬಕೆಟ್ಟು ನೋಡಿ ನಿಂತಳು. ವಾಪಸು ಬಂದು, ಬಗ್ಗಿ ಅದನ್ನು ನೀರಿಗೆ ಅದ್ದಿ, ಎತ್ತಿ ಸುರಿದಳು.

*

"ತುಂಬಾ ನೀರಿತ್ತಾ?" ಮಗಳು ಗೇಟಿನಲ್ಲೇ ಕೇಳಿದಳು.

"ಇತ್ತು. ಇನ್ಮೇಲೆ ದಿನಾ ಬೆಳಿಗ್ಗೆ ನಾನೇ ಹೋಗ್ಬೇಕು."

ಹೊಸಿಲ ಪಕ್ಕ ಬಕೆಟ್ಟು ಬೋರಲು ಹಾಕಿ, ಆಕೆ ಒಳಗೆ ಹೋಗಿ ಗಂಡನ ತಲೆಯ ಹತ್ತಿರ ಕೂತಳು. ಏನೂ ಮಾತಾಡಲಿಲ್ಲ. ಬಕೆಟ್ಟಿನ ಅಂಚಿನಿಂದ ಇಳಿದ ನೀರು ಮೆಲ್ಲಗೆ ಮೆಟ್ಟಿಲ ಕಡೆ ಹರಿಯಿತು. ಬಡಗಿ ಆ ನೀರನ್ನು ನೋಡಿದ, ಒಳಗೆ ಕೂತವಳನ್ನು ನೋಡಿದ. ಆಮೇಲೆ ಬೂಟುಗಾಲನ್ನು ಪಕ್ಕಕ್ಕೆಳೆದುಕೊಂಡು ನೀರಿಗೆ ದಾರಿ ಬಿಟ್ಟ.