ಯಾರೂ ಮಲಗದ ಜ್ವರದ ಮಂಚ

ನಾನು ಒಂದು ಕಬ್ಬಿಣದ ಮಂಚ. ಗದಗಿನ ವೆಲ್ಡಿಂಗ್ ಶೆಡ್ಡೊಂದರಲ್ಲಿ ಹುಟ್ಟಿದೆ. ನನ್ನ ಜೊತೆಗೆ ಇನ್ನೂ ಐದು ಮಂಚಗಳು ತಯಾರಾದವು. ಆ ವರ್ಷ ಎಲ್ಲೆಲ್ಲೂ ಫ್ಲೂ ಜ್ವರದ ಭಯ. ಕಾಲೇಜುಗಳು ಮುಂಚಿತವಾಗಿ ಸಿದ್ಧವಾಗಿರಬೇಕೆಂದು ವಿಶ್ವವಿದ್ಯಾಲಯದಿಂದ ಸುತ್ತೋಲೆ ಬಂದಿತ್ತು. ಜ್ವರ ಬಂದವರಿಗೆ ಬೇರೆ ಕೋಣೆ ಇರಬೇಕು, ಮಾಸ್ಕು ಇರಬೇಕು, ಪಾಲಕರ ಫೋನ್ ನಂಬರಿನ ಪಟ್ಟಿ ಇರಬೇಕು. ಹಾಗಾಗಿ ನಮ್ಮನ್ನು ಹುಡುಗಿಯರ ಹಾಸ್ಟೆಲ್ಲಿಗೆ ತಂದು ಇಳಿಸಿದರು.

ಹಾಸ್ಟೆಲ್ಲಿನ ನರ್ಸ್ ಕಸ್ತೂರವ್ವ ನಮ್ಮನ್ನು ಫಿನಾಯಿಲ್ ನೀರಿನಲ್ಲಿ ಒರೆಸಿದಳು. ಮಂಚಮಂಚದ ನಡುವೆ ಎರಡು ಮಾರು ಜಾಗ ಅಳೆದು ಬಿಟ್ಟಳು. ಆಮೇಲೆ ಹುಡುಗಿಯರನ್ನೆಲ್ಲ ಕರೆತಂದು ತೋರಿಸಿದಳು.

"ಯಾರಿಗರ ಜ್ವರ ಬಂದ್ರ ಇಲ್ಲೇ ಮಲಗಸ್ತೀನಿ. ನಾ ಅದೀನಿ, ಅಂಜಬ್ಯಾಡ್ರಿ" ಎಂದಳು.

ಹುಡುಗಿಯರು ನಂಬಿದರು. ನಾನೂ ನಂಬಿದೆ. ಯಾರದೋ ಮಗಳ ಸುಡುವ ಮೈಗೆ ಆಸರೆಯಾಗುತ್ತೇನೆಂದು ಒಳಗೊಳಗೇ ಬೀಗಿದೆ. ವಿಶ್ವವಿದ್ಯಾಲಯದ ತಪಾಸಣೆಯ ಸಮಿತಿ ಬಂದ ದಿನವಂತೂ ನನ್ನ ಮೆರೆದಾಟ ಹೇಳತೀರದು. ಪ್ರಾಚಾರ್ಯ ಬೆಳವಡಿಯವರು ನನ್ನ ಮೇಲೆ ಕೈಯಿಟ್ಟು ಫೋಟೊ ತೆಗೆಸಿಕೊಂಡರು. ಸಮಿತಿ ಕಾಲೇಜಿಗೆ ಒಳ್ಳೆಯ ಅಂಕ ಕೊಟ್ಟು ಹೋಯಿತು.

ಮರುವಾರವೇ ನಮ್ಮ ಗಾದಿಗಳು ಅತಿಥಿಗೃಹ ಸೇರಿದವು. ಪರೀಕ್ಷೆ ಶುರುವಾದಾಗ ಉತ್ತರಪತ್ರಿಕೆಗಳನ್ನು ಇಡಲು ಭದ್ರವಾದ ಕೋಣೆ ಬೇಕಾಯಿತು. ಕಿಟಕಿಗೆ ಸರಳಿದ್ದದ್ದು ನಮ್ಮ ಕೋಣೆಗೆ ಮಾತ್ರ. ನೆಲದ ಮೇಲಿಟ್ಟರೆ ಗೆದ್ದಲು ಹಿಡಿಯುತ್ತದೆಂದು ಗಂಟುಗಳನ್ನು ನಮ್ಮ ಮೇಲೆ ಹೇರಿದರು. ಬಾಗಿಲಿಗೆ ಬೀಗ ಬಿತ್ತು, ಬೀಗಕ್ಕೆ ಅರಗಿನ ಮುದ್ರೆ ಬಿತ್ತು.

ಪರೀಕ್ಷೆಯ ನಡುವೆಯೇ ಬಿ.ಎ. ಓದುವ ದಾಕ್ಷಾಯಣಿಗೆ ಜ್ವರ ಬಂತು. ಅವಳಿಗೆ ಮೊದಲೇ ಉಬ್ಬಸದ ತೊಂದರೆ. ಎಂಟು ಹುಡುಗಿಯರ ಕೋಣೆಯಲ್ಲಿ ನೆಲಕ್ಕೆ ಚಾಪೆ ಹಾಸಿ ಮಲಗಿದ್ದಳು. ನಮ್ಮ ಬಾಗಿಲ ಮುಂದೆ ನಿಂತು ಕಸ್ತೂರವ್ವ ಪ್ರಾಚಾರ್ಯರನ್ನು ಅಂಗಲಾಚಿದ್ದು ನನಗೆ ಕೇಳಿಸಿತು. ಕೋಣೆ ತೆರೆಸಿಕೊಡಿ, ಇಲ್ಲವೆ ದೊಡ್ಡ ಆಸ್ಪತ್ರೆಗೆ ಕಳಿಸಿ ಎಂದಳು. ವಿಶ್ವವಿದ್ಯಾಲಯದವರು ಬಾರದೆ ಮುದ್ರೆ ಒಡೆಯುವಂತಿಲ್ಲ ಎಂದರು ಅವರು. ಆಸ್ಪತ್ರೆಗೆ ಕಳಿಸಿದರೆ ಸುದ್ದಿಯಾಗಿ ಪರೀಕ್ಷೆಯೇ ನಿಲ್ಲುತ್ತದಂತೆ.

"ಎರಡ ದಿನದ ಮಾತು, ಗುಳಿಗಿ ಕೊಟ್ಟು ಸಂಭಾಳಸ್ರಿ" ಎಂದರು.

ಕಸ್ತೂರವ್ವ ಸಂಭಾಳಿಸಿದಳು. ಆ ಕೋಣೆಯಲ್ಲಿ ಮೊದಲು ಇನ್ನೊಬ್ಬಳು ಕೆಮ್ಮಿದಳು, ಮರುದಿನ ನಾಲ್ವರು. ಬಾಗಿಲೊಡೆದು ಹೊರಗೆ ನಡೆಯಲು ನನಗೆ ನಾಲ್ಕು ಕಾಲಿದ್ದರೂ ಪ್ರಯೋಜನವಿರಲಿಲ್ಲ. ಮೂರನೆಯ ದಿನ ದಾಕ್ಷಾಯಣಿಗೆ ಉಸಿರು ಸಿಕ್ಕಿಕೊಂಡಿತು. ಆಗ ಎತ್ತಿಕೊಂಡು ಓಡಿದರು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅವಳು ಹೋಗಿಬಿಟ್ಟಿದ್ದಳು.

ಉಳಿದ ಹುಡುಗಿಯರನ್ನು ಊರಿಗೆ ಕಳಿಸಿದರು. ಗಂಟುಗಳನ್ನು ಅವಸರದಿಂದ ಸಾಗಿಸಿದರು. ಗಾದಿ ಮರಳಿ ಬಂತು, ಹೊಸ ಚಾದರವೂ ಬಂತು. ರೋಗಿಯನ್ನು ಮೊದಲ ದಿನದಿಂದಲೇ ಪ್ರತ್ಯೇಕ ಕೋಣೆಯಲ್ಲಿ ಇರಿಸಲಾಗಿತ್ತೆಂದು ಬೆಳವಡಿಯವರು ವರದಿ ಬರೆಸಿದರು. ನನ್ನ ಅಂಚಿನಲ್ಲೇ ಕುಳಿತು ಕಸ್ತೂರವ್ವ ಅದಕ್ಕೆ ಸಹಿ ಹಾಕಿದಳು.

ಹತ್ತು ದಿನ ಕಳೆದ ಮೇಲೆ ದಾಕ್ಷಾಯಣಿಯ ಅಪ್ಪ ಸಂಗನಬಸಪ್ಪ ಬಂದ. ಹತ್ತಿ ಜಿನ್ನಿಂಗ್ ಕಾರ್ಖಾನೆಯಲ್ಲಿ ಹಮಾಲಿ ಮಾಡುವವನು. ಮಗಳ ಪುಸ್ತಕದ ಚೀಲ ತೆಗೆದುಕೊಂಡ ಮೇಲೂ ಹೊರಡಲಿಲ್ಲ. ಮಗಳು ಮಲಗಿದ್ದ ಮಂಚವನ್ನು ಒಮ್ಮೆ ತೋರಿಸಿ ಎಂದು ಕೇಳಿದ. ಕಸ್ತೂರವ್ವ ಅವನನ್ನು ನಮ್ಮ ಕೋಣೆಗೆ ಕರೆತಂದಳು. ಬೆರಳು ಮಾಡಿ ನನ್ನನ್ನು ತೋರಿಸಿದಳು.

ಅವನು ಚಾದರದ ಮೇಲೆ ನಿಧಾನವಾಗಿ ಕೈಯಾಡಿಸಿದ.

"ಚಲೋ ನೋಡ್ಕೊಂಡ್ರಿ ಅಕ್ಕಾರ. ಹುಟ್ಟಿದಾಗಿಂದ ನೆಲಕ್ಕ ಮಲಗಿದಾಕಿ. ಕಡೀಕರ ಮಂಚದ ಮ್ಯಾಲ ಮಲಗಿದ್ಲಲ್ಲ, ಅಷ್ಟ ಸಾಕು" ಎಂದ.

ಕಸ್ತೂರವ್ವನಿಗೂ ಕೈಮುಗಿದ, ನನಗೂ ಕೈಮುಗಿದ.

ಈಗ ನೀರಿನ ಟ್ಯಾಂಕಿನ ಹಿಂದೆ ತುಕ್ಕು ಹಿಡಿದು ಬಿದ್ದಿದ್ದೇನೆ. ಬೆಳವಡಿಯವರ ಮೇಲೆ ನನಗೆ ಅಂಥ ಸಿಟ್ಟಿಲ್ಲ, ಅವರನ್ನು ನಾನು ಎಂದೂ ನಂಬಿರಲಿಲ್ಲ. ಕಸ್ತೂರವ್ವನನ್ನು ನಂಬಿದ್ದೆ. ಆರು ಮಂಚಗಳಲ್ಲಿ ಯಾವುದನ್ನು ತೋರಿಸಿದ್ದರೂ ಅದು ಸುಳ್ಳೇ ಆಗುತ್ತಿತ್ತು. ಅವಳು ನನ್ನನ್ನು ತೋರಿಸಿದಳು.