ಬಾಸಿಲಿಸಾ ಹೇಳಿದಳಂತೆ

"ಎಡಕ್ಕೆ, ಎಡಕ್ಕೆ! ಬಾಗಿಲಿಗೆ ತಗುಲಿಸಬೇಡ್ರೋ, ಇನ್ನೊಂದು ಸಾವು ಕರೀತೀರಾ?" ಪಕ್ಕದ ಮನೆಯ ಇಸ್ಕಾ ಕೂಗಾಡುತ್ತಿದ್ದಳು. ಆರು ಜನ ಸೇರಿ ವಕೀಲ ಡಾನ್ ಎವಾರಿಸ್ಟೊ ದುಮ್ಲಾವೊ ಅವರ ಶವಪೆಟ್ಟಿಗೆಯನ್ನು ಮೆಟ್ಟಿಲಿಳಿಸುತ್ತಿದ್ದರು.

"ಆಯಪ್ಪ ಭಾಷಣ ಮಾಡದೆ ಮನೆ ಬಿಟ್ಟಿದ್ದು ಇದೇ ಮೊದಲು," ಎಂದ ಹೊತ್ತವರಲ್ಲೊಬ್ಬ. ನಕ್ಕವರು ಬೇಗ ಕೆಮ್ಮಿ ಮುಚ್ಚಿಕೊಂಡರು.

ಹೆಂಡತಿ ಬಾಸಿಲಿಸಾ ನಗಲೂ ಇಲ್ಲ, ಅಳಲೂ ಇಲ್ಲ. ಮೂರು ದಿನದಿಂದ ಹೀಗೇ. ಯಾರಾದರೂ ಕೈಗೆ ಕಾಫಿ ಕೊಟ್ಟರೆ ಕುಡಿಯುತ್ತಿದ್ದಳು, ಕೊಡದಿದ್ದರೆ ಇಲ್ಲ. ಕರಿ ಮುಸುಕು ಹೊದಿಸಿದ್ದೂ ಮಗಳು ರುಫಿನಾಳೇ.

ಇಗರ್ಜಿಯ ಮುಂದಿನ ಚೌಕದಲ್ಲಿ ಪೆಟ್ಟಿಗೆ ಇಳಿಸಿದರು. ನಿವೃತ್ತ ನ್ಯಾಯಾಧೀಶ ಡಾನ್ ಫೆರ್ಮಿನ್ ಸ್ಪ್ಯಾನಿಷ್‌ನಲ್ಲಿ ಶುರುಮಾಡಿದರು. ಊರಲ್ಲಿ ಆ ಭಾಷೆ ಬರುತ್ತಿದ್ದದ್ದು ಹತ್ತು ಜನಕ್ಕೆ. ಉಳಿದವರೆಲ್ಲ ಇಲೊಕಾನೊ ಆಡುವವರು, ಮರ್ಯಾದೆಗೆ ತಲೆಯಾಡಿಸಿದರು. ಗೇಣಿದಾರರ ಪರ ವಾದಿಸಿ ಗೆದ್ದದ್ದು, ಎರಡು ಸಲ ಮನಿಲಾದ ಶಾಸನಸಭೆಗೆ ಹೋದದ್ದು, ಮೂರನೇ ಸಲ ಸೋತದ್ದು ಎಲ್ಲವನ್ನೂ ಶಾಲೆಯ ಟೀಚರಾದ ರುಫಿನಾ ಅಮ್ಮನ ಕಿವಿಯಲ್ಲಿ ಇಲೊಕಾನೊದಲ್ಲಿ ಹೇಳುತ್ತ ಹೋದಳು.

ಆಮೇಲೆ ಹೇಳುವುದನ್ನು ನಿಲ್ಲಿಸಿಬಿಟ್ಟಳು. ಡಾನ್ ಫೆರ್ಮಿನ್ ಈಗ, ತೀರಿಹೋದ ಗೆಳೆಯ ಶಾಸನಸಭೆಯಲ್ಲಿ ಮಾಡಿದ್ದ ಹೆಸರಾಂತ ಭಾಷಣವನ್ನು ಬಾಯಿಪಾಠ ಒಪ್ಪಿಸುತ್ತಿದ್ದರು. ನಡುವೆ ಬಾಸಿಲಿಸಾಳ ಹೆಸರು ಬಂತು.

*

ಇಪ್ಪತ್ತು ವರ್ಷಗಳ ಹಿಂದೆ ಮನಿಲಾದಿಂದ ಬಂದ ಡಾನ್ ಎವಾರಿಸ್ಟೊ ಟೋಪಿಯನ್ನೂ ತೆಗೆಯದೆ ಸೀದಾ ಅಡುಗೆಮನೆಗೆ ನುಗ್ಗಿದ್ದರು.

"ಸಭೇಲಿ ನಿನ್ನ ಹೆಸರು ಹೇಳಿದೆ ಕಣೇ. ಎಲ್ಲಾ ಎದ್ದು ನಿಂತು ಚಪ್ಪಾಳೆ ತಟ್ಟಿದ್ರು!"

"ನನ್ನ ಹೆಸರಾ? ಏನಂದ್ರಿ?"

"ಅದನ್ನ ನಮ್ಮ ಭಾಷೇಲಿ ಹೇಳಿದ್ರೆ ರುಚಿ ಕೆಡತ್ತೆ," ಎಂದು ಬೇಯುತ್ತಿದ್ದ ಬದನೆಯ ಹೋಳೊಂದನ್ನು ಬಾಯಿಗೆ ಹಾಕಿಕೊಂಡಿದ್ದರು.

ಅವಳು ಮತ್ತೆ ಕೇಳಲಿಲ್ಲ. ಸೋತ ವರ್ಷ ಅವರು ಮೂರು ತಿಂಗಳು ಅವಳೊಡನೆ ಮಾತು ಬಿಟ್ಟಿದ್ದರು. ಆ ಚಪ್ಪಾಳೆಯನ್ನು ನೆನೆದೇ ಅವಳು ಅದನ್ನೂ ತಡೆದುಕೊಂಡಿದ್ದಳು.

*

"ಯಾಕೆ ನಿಲ್ಲಿಸಿದೆ? ನನ್ನ ಹೆಸರು ಬಂತಲ್ಲ."

"ಏನಿಲ್ಲಮ್ಮ. ನಿನ್ನ ಹೊಗಳಿದಾರೆ."

"ಟೀಚರಾಗಿ ಸುಳ್ಳು ಹೇಳ್ತೀಯೇನೇ? ಇಷ್ಟು ವರ್ಷ ಕಾದಿದೀನಿ. ಹೇಳು."

ರುಫಿನಾ ನೆಲ ನೋಡುತ್ತ ಹೇಳಿದಳು. "ಹೆಂಗಸರಿಗೂ ಮತ ಹಾಕೋ ಹಕ್ಕು ಕೊಡಬೇಕು ಅಂತ ಮಸೂದೆ ಬಂದಿತ್ತು. ಅಪ್ಪ ಬೇಡ ಅಂದ್ರು. 'ನನ್ನ ಹೆಂಡತಿ ಬಾಸಿಲಿಸಾಳನ್ನೇ ಕೇಳಿದೆ. ನನಗೆ ನನ್ನ ಒಲೆ ಸಾಕು ಅಂದಳು' ಅಂದ್ರು. ಮಸೂದೆ ಬಿದ್ದುಹೋಯ್ತು."

"ನನ್ನನ್ನ ಕೇಳೇ ಇರಲಿಲ್ಲವಲ್ಲೇ."

"ಗೊತ್ತಮ್ಮ."

"ಕೇಳಿದ್ದಿದ್ರೆ ಏನಂತಿದ್ದೆ ಅಂತಾನೂ ಈಗ ಗೊತ್ತಾಗ್ತಿಲ್ಲ."

ಚೌಕದ ತುಂಬ ಚಪ್ಪಾಳೆ. ಅವಳಿಗೆ ಸಿಟ್ಟು ಬರಲಿಲ್ಲ, ದುಃಖವೂ ಆಗಲಿಲ್ಲ. ಜೋಮು ಹಿಡಿದ ಕಾಲನ್ನು ಚಿವುಟಿದಂತಾಯಿತು, ಅಷ್ಟೇ.

ಸ್ಮಶಾನದ ದಾರಿಯಲ್ಲಿ ಪೆಟ್ಟಿಗೆಯ ಹಿಂದೆ ನಡೆಯುತ್ತ ಅವಳು ಆ ಮಾತನ್ನು ಬಾಯೊಳಗೇ ಆಡಿ ನೋಡಿದಳು. ನನಗೆ ನನ್ನ ಒಲೆ ಸಾಕು. ತನ್ನದೆನಿಸಲಿಲ್ಲ. ಇನ್ನೊಮ್ಮೆ ನಿಧಾನವಾಗಿ ಆಡಿದಳು. ಆಗಲೂ ಇಲ್ಲ.

ಪಕ್ಕದಲ್ಲಿ ಜಪಸರ ಎಣಿಸುತ್ತ ಬರುತ್ತಿದ್ದ ಇಸ್ಕಾಳಿಗೆ ಮುಸುಕಿನೊಳಗಿನ ಗುಣುಗುಣು ಮಾತ್ರ ಕೇಳಿಸಿತು.

"ಆಮೆನ್," ಎಂದಳು ಇಸ್ಕಾ.

ಹಿಂದೆ ಬರುತ್ತಿದ್ದ ಹೆಂಗಸರೆಲ್ಲ "ಆಮೆನ್" ಎಂದರು.